ಮೂರು ಸಾಲು ಕಡಿಮೆ

ಎಲ್ಮ್‌ಫೋರ್ಡ್, ವರ್ಮಾಂಟ್
೧೯ ಆಗಸ್ಟ್ ೧೭೯೯

ಪ್ರೀತಿಯ ಅಪ್ಪನಿಗೆ,

ಎರಡು ವರ್ಷದ ಮೇಲೆ ನನ್ನ ಅಕ್ಷರ ಕಂಡು ನಿಮಗೆ ಆಶ್ಚರ್ಯವಾಗಿರಬೇಕು. ಸಂತೋಷದ ಸಮಾಚಾರವಾಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ, ನನ್ನ ಹಟ ನಿಮಗೆ ಗೊತ್ತು. ಹೋದ ಮಂಗಳವಾರ ಸರ್ಕಾರದ ಮಾರ್ಷಲ್ ಬಂದು ರೂಫಸ್‌ನನ್ನು ಹಿಡಿದುಕೊಂಡು ಹೋದ. ಅಚ್ಚಿನ ಮಸಿ ಮೆತ್ತಿದ್ದ ಕೈಯನ್ನು ತೊಳೆದುಕೊಳ್ಳುವುದಕ್ಕೂ ಬಿಡಲಿಲ್ಲ.

ಕಾರಣ ಜುಲೈ ಕೊನೆಯಲ್ಲಿ ನಮ್ಮ ‘ಕಣಿವೆಯ ಕಾವಲುಗಾರ’ ಪತ್ರಿಕೆಯಲ್ಲಿ ಬಂದ ಒಂದು ಪತ್ರ. ಕೆಳಗೆ ‘ಹಳೆಯ ಸೈನಿಕ’ ಎಂದಷ್ಟೇ ಇತ್ತು. ನಿಮ್ಮ ಊರಿನಾಚೆ ಹೊಳೆಯ ಬಳಿ ಹೊಸ ಸೈನ್ಯಕ್ಕೆ ಸೇರಿದ ಹುಡುಗರ ಬಿಡಾರವಿದೆಯಲ್ಲ, ಅಲ್ಲಿ ಅವರಿಗೆ ಹುಳ ಬಿದ್ದ ಹಂದಿಮಾಂಸವನ್ನು ಬಡಿಸುತ್ತಾರೆ, ತಾನು ಪೀಪಾಯಿಯ ಮುಚ್ಚಳ ತೆಗೆಸಿ ಕಣ್ಣಾರೆ ನೋಡಿದೆ ಎಂದು ಅವರು ಬರೆದಿದ್ದರು. ಕೊನೆಯಲ್ಲಿ ಹೀಗಿತ್ತು: ‘ಅಧ್ಯಕ್ಷರಿಗೆ ಇದು ತಿಳಿಯದೆಂದಲ್ಲ, ಅವರಿಗೆ ಸೈನಿಕನ ಹೊಟ್ಟೆಗಿಂತ ತಮ್ಮ ಔತಣದ ತಟ್ಟೆಯ ಮೇಲೆ ಪ್ರೀತಿ ಹೆಚ್ಚು.’ ಇದು ರಾಜದ್ರೋಹವಂತೆ. ರಾಜನನ್ನು ಓಡಿಸಿ ಹದಿನಾರು ವರ್ಷವಾಯಿತು, ರಾಜದ್ರೋಹ ಮಾತ್ರ ಇಲ್ಲೇ ಮನೆ ಮಾಡಿಕೊಂಡಿದೆ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಹೊಸ ಕಾನೂನಿನಲ್ಲಿ ಒಂದು ಕಿಂಡಿ ಇದೆ ಎಂದು ನಮ್ಮ ವಕೀಲರು ಹೇಳುತ್ತಾರೆ. ಅಚ್ಚು ಮಾಡಿದ್ದು ನಿಜವೆಂದು ತೋರಿಸಿದರೆ ಶಿಕ್ಷೆಯಿಲ್ಲ. ಆ ಹಳೆಯ ಸೈನಿಕ ಕೋರ್ಟಿಗೆ ಬಂದು ‘ನಾನು ನೋಡಿದೆ’ ಎಂದರೆ ಸಾಕು, ರೂಫಸ್ ಮನೆಗೆ ಬರುತ್ತಾನೆ. ಅವರು ಯಾರೆಂದು ರೂಫಸ್ ನನಗೂ ಹೇಳುತ್ತಿಲ್ಲ. ಹೆಸರು ಹಾಕದೆ ಬರೆದವನ ಹೆಸರು ಹೇಳುವವನು ಮುದ್ರಕನೇ ಅಲ್ಲವಂತೆ. ನೀವು ಊರಿನ ಅಂಚೆಯವರು, ಯಾರು ಯಾರಿಗೆ ಬರೆಯುತ್ತಾರೆಂದು ನಿಮಗೆ ತಿಳಿಯದ್ದಿಲ್ಲ. ಅವರನ್ನು ಹುಡುಕಿಕೊಡಿ. ವಿಚಾರಣೆ ಅಕ್ಟೋಬರ್ ಮೂರಕ್ಕೆ. ಜಾಮೀನಿಗೆ ನಿಲ್ಲಲು ಇಲ್ಲಿ ಯಾರಿಗೂ ಎದೆಯಿಲ್ಲ.

ನಿಮ್ಮ ಮಗಳು,
ಜೆರೂಶಾ

*

ಸಾಲ್ಟರ್ಸ್ ಕ್ರಾಸಿಂಗ್, ಕನೆಕ್ಟಿಕಟ್
೨ ಸೆಪ್ಟೆಂಬರ್ ೧೭೯೯

ಜೆರೂಶಾ,

ನಿನ್ನ ಕಾಗದ ಮುಟ್ಟಿತು. ಅಚ್ಚುಕೂಟದವನನ್ನು ಕಟ್ಟಿಕೊಂಡರೆ ಒಂದಲ್ಲ ಒಂದು ದಿನ ಹೀಗಾಗುತ್ತದೆಂದು ನಾನು ಮದುವೆಯ ದಿನವೇ ಹೇಳಿದ್ದೆ. ಅದನ್ನು ಮತ್ತೆ ಹೇಳಿ ಗಾಯದ ಮೇಲೆ ಉಪ್ಪು ಸವರುವುದಿಲ್ಲ.

ನೀನು ಕೇಳಿದ ವ್ಯಕ್ತಿಯ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ಈ ಊರಿನಲ್ಲಿ ಯುದ್ಧಕ್ಕೆ ಹೋಗಿ ಬಂದ ಮುದುಕರು ಹದಿನಾಲ್ಕು ಜನರಿದ್ದೇವೆ, ಎಲ್ಲರಿಗೂ ಬಾಯಿದೆ, ಕೆಲವರಿಗೆ ಕೈಬರಹವೂ ಇದೆ. ಅಂಚೆಯವನು ಬೇರೆಯವರ ಕಾಗದದ ಬಗ್ಗೆ ಮಾತಾಡಬಾರದು. ಸರ್ಕಾರದ ಕೆಲಸದಲ್ಲಿರುವ ನನ್ನಂಥವನು ಇಂಥ ವಿಷಯದಿಂದ ದೂರವಿರುವುದೇ ಕ್ಷೇಮ. ಕಾನೂನು ಮಾಡಿದವರು ಮೂರ್ಖರಲ್ಲ, ಆದರೆ ಕಾನೂನಿಗೆ ಗುರಿಯಾದವರೆಲ್ಲ ದುಷ್ಟರೆಂದೂ ನಾನು ಹೇಳುವುದಿಲ್ಲ.

ಆ ಪತ್ರದ ಮೂಲ ಪ್ರತಿ ಏನಾಯಿತು? ಅಚ್ಚಿನ ಮೊಳೆ ಜೋಡಿಸಿದ ಮೇಲೆ ಸುಟ್ಟುಹಾಕುವುದು ನಿಮ್ಮಲ್ಲಿ ವಾಡಿಕೆ ಎಂದು ಕೇಳಿದ್ದೇನೆ, ಅದಕ್ಕೇ ಕೇಳಿದೆ, ಬೇರೇನೂ ಇಲ್ಲ. ಅಳಿಯನಿಗೆ ಹೊದೆಯಲು ಕಂಬಳಿ ಇದೆಯೇ? ಬಂಡಿಯವನ ಕೈಯಲ್ಲಿ ಒಣಗಿಸಿದ ಸೇಬು ಕಳಿಸಿದ್ದೇನೆ.

ಜೋಥಮ್ ವೇಕ್‌ಮನ್

*

ಎಲ್ಮ್‌ಫೋರ್ಡ್
೧೪ ಸೆಪ್ಟೆಂಬರ್ ೧೭೯೯

ಅಪ್ಪ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ತಗಡಿನ ಪಾತ್ರೆ ಮಾರುವವನು ನಿಮ್ಮ ಕಡೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ. ಒಬ್ಬರೇ ಇರುವಾಗ ಓದಿ.

ನಿಮ್ಮ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಮೂಲ ಪ್ರತಿ ಏನಾಯಿತು ಎಂದು ನೀವು ಕೇಳದಿದ್ದರೆ ನಾನು ಅದನ್ನು ಹುಡುಕುತ್ತಲೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗಾಯಿತು. ಪ್ರತಿಯನ್ನು ರೂಫಸ್ ಸುಟ್ಟಿದ್ದಾನೆ. ಆದರೆ ಅದನ್ನು ಸುತ್ತಿ ಕಳಿಸಿದ ಹೊರಗಿನ ಹಾಳೆ, ದಪ್ಪ ಕಾಗದವೆಂದು, ಮೊಳೆ ಪೆಟ್ಟಿಗೆಯ ಅಡಿಯಲ್ಲಿ ಹಾಸಿದ್ದ. ಅದರ ಮೂಲೆಯಲ್ಲಿ ‘ಜೋಥಮ್ ವೇಕ್‌ಮನ್, ಅಂಚೆಯವರು, ಬಿಟ್ಟಿ’ ಎಂದು ದಪ್ಪಕ್ಷರದಲ್ಲಿ ಬರೆದಿದೆ.

ಒಳಗೆ ಎಡಗೈಯಲ್ಲಿ ಬರೆದು ಅಕ್ಷರ ಮರೆಸಿದಿರಿ. ಹೆಸರು ಮರೆಸಿದಿರಿ. ಹೊರಗೆ ಮಾತ್ರ, ಅಂಚೆಯವರು ಹೆಸರು ಹಾಕಿದ ಕಾಗದಕ್ಕೆ ಅಂಚೆಯ ಹಣ ಕೊಡಬೇಕಿಲ್ಲವೆಂದು, ಎಂಟು ವರ್ಷದ ರೂಢಿಯಂತೆ ಹೆಸರು ಬರೆದು ಕಳಿಸಿದಿರಿ. ನಾನು ನೆಲದ ಮೇಲೆ ಕೂತು ನಕ್ಕೆ ಅಪ್ಪ. ಆಮೇಲೆ ಅತ್ತೆ. ಎರಡು ವರ್ಷ ನಮ್ಮ ಹೊಸ್ತಿಲು ತುಳಿಯದವರು, ಚರ್ಚಿನ ಮೆಟ್ಟಿಲ ಮೇಲೆ ನಿಂತು ನಮ್ಮ ಪತ್ರಿಕೆಯನ್ನು ಬೈದವರು, ಅದೇ ಪತ್ರಿಕೆಯನ್ನು ನಂಬಿ ಬರೆದಿದ್ದೀರಿ. ಅದು ನನಗೆ ಎಷ್ಟು ಹೆಮ್ಮೆಯೆಂದು ಬೇರೆ ದಿನವಾಗಿದ್ದರೆ ಹೇಳುತ್ತಿದ್ದೆ.

ಸೆರೆಮನೆಯಲ್ಲಿ ರೂಫಸ್‌ನ ಕಿವಿಯಲ್ಲಿ ಇದನ್ನು ಹೇಳಿದೆ. ಅವನಿಗೆ ಮೊದಲ ದಿನದಿಂದಲೂ ಗೊತ್ತಂತೆ. ‘ಮಾವನೋರ ಹೆಸರು ನನ್ ಬಾಯಿಂದ ಬರಲ್ಲ. ಆ ಹಾಳೆ ಒಲೆಗೆ ಹಾಕು’ ಎಂದ. ನಾನು ಹಾಕಿಲ್ಲ, ಕೋರ್ಟಿಗೆ ಕೊಡುವುದೂ ಇಲ್ಲ. ಬರುವುದಾದರೆ ನೀವಾಗಿ ಬನ್ನಿ. ಅವನನ್ನು ಬಿಡಿಸುವ ಶಕ್ತಿ ಈ ಭೂಮಿಯ ಮೇಲೆ ನಿಮಗೊಬ್ಬರಿಗೇ ಇದೆ. ನೀವು ಬಾಯಿ ಬಿಟ್ಟರೆ ಆಯಿತು. ಅಷ್ಟು ಧೈರ್ಯ ಮಾಡಬಾರದೇ?

ಜೆರೂಶಾ

*

ಸಾಲ್ಟರ್ಸ್ ಕ್ರಾಸಿಂಗ್
೨೩ ಸೆಪ್ಟೆಂಬರ್ ೧೭೯೯

ಮಗಳೇ,

ನಾನು ಬರಲಾರೆ.

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನಗೆ ಹೆದರಿಕೆ. ಮೂವತ್ತಾರನೆಯ ವಯಸ್ಸಿನಲ್ಲಿ ಎದುರಿಗೆ ಗುಂಡು ಹಾರುತ್ತಿದ್ದಾಗ ನನಗೆ ಇಂಥ ಹೆದರಿಕೆ ಇರಲಿಲ್ಲ, ಆಗ ಯಾರು ಹೊಡೆಯುತ್ತಾರೆಂದು ಕಾಣುತ್ತಿತ್ತು. ಈಗ ಯಾರೆಂದು ಕಾಣುವುದಿಲ್ಲ. ಹೋದ ವಾರ ಗಿರಣಿಯ ಅಮೋಸ್ ಹೆಂಡದಂಗಡಿಯಲ್ಲಿ ತೆರಿಗೆಯನ್ನು ಬೈದದ್ದಕ್ಕೆ ಅವನ ಸ್ವಂತ ಭಾವಮೈದುನನೇ ಹೋಗಿ ದೂರು ಕೊಟ್ಟ. ಬೀದಿಯಲ್ಲಿ ಯಾರಾದರೂ ‘ಹೇಗಿದ್ದೀರಿ ವೇಕ್‌ಮನ್ನರೇ’ ಎಂದರೂ ನಾನು ಉತ್ತರವನ್ನು ಅಳೆದು ತೂಗಿ ಹೇಳುತ್ತೇನೆ.

ಅಳಿಯನಿಗೆ ನನ್ನ ಮುಖ ತೋರಿಸಲಾರೆ. ಅವನ ಬಗ್ಗೆ ನಾನು ಆಡಿದ ಮಾತುಗಳೆಲ್ಲ ನೆನಪಾಗುತ್ತವೆ. ಈ ಕಾಗದವನ್ನು ಸುಡು, ಆ ಹಾಳೆಯನ್ನೂ ಸುಡು.

ಅಪ್ಪ

*

ಎಲ್ಮ್‌ಫೋರ್ಡ್
೧೨ ಅಕ್ಟೋಬರ್ ೧೭೯೯

ಪ್ರೀತಿಯ ಅಪ್ಪನಿಗೆ,

ಬರಲಾರೆ ಎಂದು ಬರೆದವರು ಬಂದಿರಿ. ಕೋರ್ಟಿನ ಬಾಗಿಲಲ್ಲಿ ನಿಮ್ಮ ಹಳೆಯ ನೀಲಿ ಕೋಟು ಕಂಡಾಗ ನಾನು ಬೆಂಚಿನಲ್ಲಿ ಸರಿದು ನಿಮಗೆ ಜಾಗ ಮಾಡಿದೆ. ನೀವು ಎದ್ದು ನಿಂತು, ಹಳೆಯ ಸೈನಿಕ ನಾನೇ, ಮಾಂಸ ನೋಡಿದ್ದು ನಾನೇ ಎಂದು ಹೇಳಿದ್ದನ್ನು ಸಾಯುವ ತನಕ ಮರೆಯುವುದಿಲ್ಲ. ಆಮೇಲೆ ನ್ಯಾಯಾಧೀಶರು ಆ ಕೊನೆಯ ಸಾಲನ್ನು ಓದಿ, ಇದೂ ನಿಮ್ಮದೇ ಎಂದು ಕೇಳಿದರು. ನೀವು ಬೈಬಲ್ ಮುಟ್ಟಿದ ಕೈಯನ್ನು ನೋಡಿಕೊಂಡು ‘ಅದು ನಾ ಬರ್ದಿದ್ದಲ್ಲ’ ಎಂದಿರಿ. ಕೆಳಗಿಳಿದು ಯಾರನ್ನೂ ನೋಡದೆ ಹೊರಟುಹೋದಿರಿ. ಊಟಕ್ಕೂ ನಿಲ್ಲಲಿಲ್ಲ. ರೂಫಸ್ ನಿಮ್ಮ ಪತ್ರಕ್ಕೆ ತನ್ನ ಸಾಲು ಸೇರಿಸಿ ನಿಮ್ಮನ್ನು ಸಿಕ್ಕಿಸಿದನೆಂದು ದಾರಿಯುದ್ದಕ್ಕೂ ಅಂದುಕೊಂಡಿರುತ್ತೀರಿ.

ಅವನಲ್ಲ ಅಪ್ಪ. ಅದು ನನ್ನ ಸಾಲು.

ಆ ಸಂಚಿಕೆಗೆ ಮೊಳೆ ಜೋಡಿಸಿದ್ದು ನಾನು. ನಿಮ್ಮ ಪತ್ರ ಮುಗಿದಾಗ ಅಂಕಣ ತುಂಬಲು ಮೂರು ಸಾಲು ಕಡಿಮೆ ಬಿತ್ತು, ಬುಡದಲ್ಲಿ ಅಷ್ಟು ಜಾಗ ಉಳಿಯಿತು. ಜಾಗ ಖಾಲಿ ಬಿಟ್ಟರೆ ಚೌಕಟ್ಟಿನಲ್ಲಿ ಮೊಳೆಗಳು ಸಡಿಲವಾಗಿ ಉದುರುತ್ತವೆ, ಏನಾದರೂ ತುಂಬಲೇಬೇಕು. ಎಲ್ಲ ಮುದ್ರಕರೂ ತುಂಬುತ್ತಾರೆ, ಕುರಿ ಕಳೆದಿದೆ ಎಂತಲೋ, ಸೋಪು ಬಂದಿದೆ ಎಂತಲೋ. ರೂಫಸ್ ಹಿತ್ತಲಲ್ಲಿ, ಅಚ್ಚಿಗೆ ಮೆದುವಾಗಲೆಂದು, ಕಾಗದಕ್ಕೆ ನೀರು ಚಿಮುಕಿಸುತ್ತಿದ್ದ. ನಾನು ಆ ಹುಳುಗಳ ಬಗ್ಗೆ ಮೊಳೆ ಮೊಳೆಯಾಗಿ ಜೋಡಿಸಿ ಸಿಟ್ಟಿಗೆದ್ದಿದ್ದೆ. ಕಾಗದದ ಮೇಲೆ ಬರೆಯಲೂ ಇಲ್ಲ, ನೇರವಾಗಿ ಸೀಸದ ಮೊಳೆಯಲ್ಲೇ ಜೋಡಿಸಿದೆ. ಸರಿಯಾಗಿ ಮೂರು ಸಾಲು ಬಂತು, ಒಂದು ಮೊಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡೆ. ಆ ವಾರ ಊರೆಲ್ಲ ಆ ಸಾಲನ್ನೇ ಹೇಳಿಕೊಂಡು ನಕ್ಕಾಗ ಒಳಗೊಳಗೇ ಹಿಗ್ಗಿದೆ.

ಅಷ್ಟು ಧೈರ್ಯ ಮಾಡಬಾರದೇ ಎಂದು ನಿಮಗೆ ಬರೆದಾಗಲೂ ನನಗೆ ಇದು ಗೊತ್ತಿತ್ತು. ಮಾಂಸದ ಮಾತು ನಿಜವೆಂದಾದರೆ ಉಳಿದದ್ದೂ ಅದರ ಹಿಂದೆ ತೇಲಿಹೋಗುತ್ತದೆಂದು ನಂಬಿಕೊಂಡಿದ್ದೆ. ನಿಮ್ಮನ್ನು ಮುಂದೆ ದೂಡಿ ನಾನು ಹಿಂದೆ ನಿಂತೆ. ಇದಕ್ಕೆ ಕ್ಷಮೆ ಕೇಳುವ ಮುಖವಿಲ್ಲ.

ನೀವು ಹೋದ ಮೇಲೆ ಏನಾಯಿತೆಂದು ನಿಮಗೆ ತಿಳಿಯಬೇಕು. ನಾನು ಎದ್ದು ನಿಂತೆ. ‘ಆ ಸಾಲು ನಂದು. ನನ್ ಗಂಡ ಅದನ್ನ ಅಚ್ಚಾದ್ಮೇಲೇನೇ ನೋಡಿದ್ದು’ ಎಂದೆ. ಹಿಡಿದುಕೊಂಡು ಹೋಗುತ್ತಾರೆಂದು ಕೈ ಮುಂದೆ ಮಾಡಿಕೊಂಡೇ ನಿಂತಿದ್ದೆ. ನ್ಯಾಯಾಧೀಶರಿಗೆ ಸಿಟ್ಟು ಕೂಡ ಬರಲಿಲ್ಲ.

‘ಕೂತ್ಕೊಳಮ್ಮ. ಗಂಡನ ಮೊಕದ್ದಮೇಲಿ ಹೆಂಡ್ತಿ ಮಾತು ಸಾಕ್ಷಿ ಆಗಲ್ಲ. ನೀನು ಹೇಳಿದ್ದು ನಮಗೆ ಕೇಳಿಸ್ಲೇ ಇಲ್ಲ ಅಂತ ಲೆಕ್ಕ.’

ಗುಮಾಸ್ತ ಲೇಖನಿ ಎತ್ತಲೂ ಇಲ್ಲ. ರೂಫಸ್ ನನ್ನತ್ತ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದ. ಮಾಂಸದ ಮಾತು ನಿಜವಿರಬಹುದು, ಆದರೆ ಅಧ್ಯಕ್ಷರ ಪ್ರೀತಿ ಯಾವುದರ ಮೇಲೆ ಹೆಚ್ಚೆಂಬುದನ್ನೂ ರುಜುವಾತು ಮಾಡಿ ಎಂದರು ನ್ಯಾಯಾಧೀಶರು. ಪ್ರೀತಿಯನ್ನು ಯಾವ ತಕ್ಕಡಿಯಲ್ಲಿ ತೂಗುವುದು ಎಂದು ನಮ್ಮ ವಕೀಲರು ಕೇಳಿದರು. ತೂಗಲಾಗದಿದ್ದರೆ ಅಚ್ಚು ಹಾಕಬಾರದಿತ್ತು ಎಂದರು. ಜ್ಯೂರಿಯವರು ಹೊರಗೆ ಹೋಗಿ ಒಂದು ಚುಟ್ಟ ಸೇದುವಷ್ಟರಲ್ಲಿ ವಾಪಸು ಬಂದರು. ಆರು ತಿಂಗಳು ಸೆರೆ, ಮೇಲೆ ದಂಡ.

ತಪ್ಪು ಮಾಡಿದವಳು ಮನೆಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದೇನೆ. ಒಪ್ಪಿಕೊಂಡರೂ ಕೇಳುವವರಿಲ್ಲ. ಏನು ಮಾಡಲಿ, ಹೇಳಿ.

ಜೆರೂಶಾ

*

ಸಾಲ್ಟರ್ಸ್ ಕ್ರಾಸಿಂಗ್
೨೦ ನವೆಂಬರ್ ೧೭೯೯

ಮಗಳೇ,

ಉತ್ತರ ಬರೆಯಲು ತಡವಾಯಿತು. ಮೂರು ದಿನ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ಸಿಟ್ಟು ನನ್ನ ಮೇಲೆ ತಿರುಗಿತು, ಅದು ಇನ್ನೂ ಇಳಿದಿಲ್ಲ. ಆ ಸಾಲು ನನ್ನದೇ ಎಂದು ಒಂದು ಸುಳ್ಳು ಹೇಳಿದ್ದರೆ ಅಳಿಯನ ಬದಲು ನಾನು ಒಳಗಿರುತ್ತಿದ್ದೆನೋ ಏನೋ. ಅರವತ್ತು ತುಂಬುತ್ತಾ ಬಂತು, ಒಂದು ದಿನ ಸುಳ್ಳು ಹೇಳಲು ಬಾರದೆ ಹೋಯಿತು. ವಕೀಲರನ್ನು ಕೇಳಿದೆ, ಹೇಳಿದ್ದರೂ ಇಬ್ಬರನ್ನೂ ಹಾಕುತ್ತಿದ್ದರು, ಅಚ್ಚು ಹಾಕಿದವನನ್ನು ಬಿಡುತ್ತಿರಲಿಲ್ಲ ಎಂದರು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಅಂಚೆ ಕೆಲಸ ಹೋಯಿತು. ಟೋಪಿ ಮಾಡುವ ಕಟ್ಲರ್‌ಗೆ ಕೊಟ್ಟಿದ್ದಾರೆ, ಅವನಿಗೆ ಊರುಗಳ ಹೆಸರೇ ಓದಲು ಬಾರದು. ಚರ್ಚಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇರುತ್ತದೆ. ಅಳಿಯನ ಬಿಡುಗಡೆಗೆ ಒಂದು ಅರ್ಜಿ ಬರೆದು ಮನೆ ಮನೆ ತಿರುಗಿದೆ. ಎಲ್ಲರೂ ಸೇಬಿನ ರಸ ಕೊಟ್ಟು ಕೂರಿಸಿದರು, ಅನ್ಯಾಯ ಅನ್ಯಾಯ ಎಂದರು, ಸಹಿ ಕೇಳಿದಾಗ ಒಬ್ಬನ ಕನ್ನಡಕ ಕಾಣೆಯಾಯಿತು, ಇನ್ನೊಬ್ಬನ ಕೈ ಉಳುಕಿತು. ಬೈಯುವ ಹಕ್ಕು ನನಗಿಲ್ಲ, ಸೆಪ್ಟೆಂಬರಿನಲ್ಲಿ ನಾನೂ ಅವರ ಹಾಗೇ ಇದ್ದೆ. ಅರ್ಜಿಯಲ್ಲಿ ನನ್ನದೊಂದೇ ಹೆಸರು. ಹಾಗೇ ಕಳಿಸಿದ್ದೇನೆ.

ಏನು ಮಾಡಲಿ ಎಂದು ನೀನು ಕೇಳಿದ್ದೆ. ನನಗೂ ಗೊತ್ತಿಲ್ಲ. ಅವನಿಗೆ ಉಣ್ಣೆಯ ಕಾಲುಚೀಲ ಹೆಣೆದು ಕೊಡು.

ಅಪ್ಪ

*

ಎಲ್ಮ್‌ಫೋರ್ಡ್
೯ ಫೆಬ್ರವರಿ ೧೮೦೦

ಅಪ್ಪ,

ಅರ್ಜಿಗೆ ಉತ್ತರವಿಲ್ಲ. ನಾನು ಬರೆದ ನಾಲ್ಕು ಅರ್ಜಿಗಳಿಗೂ ಇಲ್ಲ.

ಅವನಿರುವ ಕೋಣೆಯಲ್ಲಿ ಒಲೆಯಿಲ್ಲ. ಕಿಟಕಿಗೆ ಗಾಜಿಲ್ಲ, ಕಂಬಿ ಮಾತ್ರ. ಕಂಬಳಿ ತುರುಕಿದರೆ ಕತ್ತಲೆ, ತೆಗೆದರೆ ಹಿಮ. ವಾರಕ್ಕೊಮ್ಮೆ ಒಳಗೆ ಬಿಡುತ್ತಾರೆ, ಉಳಿದ ದಿನ ಕಿಟಕಿಯ ಕೆಳಗೆ ರಸ್ತೆಯಲ್ಲಿ ನಿಂತು ಕೂಗಿ ಮಾತಾಡುತ್ತೇನೆ. ಮೊದಮೊದಲು ಬೇರೆ ಊರಿನ ಪತ್ರಿಕೆಗಳನ್ನು ಓದಿ ಹೇಳುತ್ತಿದ್ದೆ. ನವೆಂಬರಿನಲ್ಲಿ ಅವನು ಮೇಲಿನಿಂದ ತಪ್ಪು ತಿದ್ದುತ್ತಿದ್ದ, ‘ಆ ತಲೆಬರಹ ಯಾವ ಕತ್ತೆ ಹಾಕಿದ್ದು’ ಎಂದು ನಗುತ್ತಿದ್ದ. ಈಗೀಗ ಕೇಳಿಸುತ್ತಿದೆಯೇ ಎಂದು ಎರಡೆರಡು ಸಲ ಕೇಳಬೇಕು. ಹೋದ ವಾರ ‘ಮೆಲ್ಲಗೆ ಓದೇ, ರಸ್ತೇಲಿ ಯಾರಾದ್ರೂ ನಿಂತಿರ್ತಾರೆ’ ಎಂದ. ರಸ್ತೆಯಲ್ಲಿ ಇದ್ದದ್ದು ಒಂದು ಎತ್ತು.

ಬಲಗೈಯ ಎರಡು ಬೆರಳ ತುದಿ ಚಳಿಗೆ ಸೆಡೆತು ಕಪ್ಪಾಗಿವೆ. ವೈದ್ಯರನ್ನು ಕರೆಸಿ ಎಂದು ಜೈಲರನ ಕಾಲು ಹಿಡಿಯುವುದೊಂದು ಬಾಕಿ. ಪತ್ರಿಕೆ ನಿಂತಿದೆ. ನಾನೊಬ್ಬಳೇ ನಡೆಸಬಲ್ಲೆ, ಆದರೆ ನಾನು ಅಚ್ಚು ಹಾಕಿದ್ದಕ್ಕೆಲ್ಲ ಕಾನೂನಿನ ಪ್ರಕಾರ ಅವನೇ ಹೊಣೆ. ಅವನನ್ನು ಇನ್ನೂ ಆರು ತಿಂಗಳು ಒಳಗಿಡಲು ನನ್ನ ಒಂದು ಸಾಲು ಸಾಕು. ಹಾಗಾಗಿ ಸುಮ್ಮನಿದ್ದೇನೆ.

ಜೆರೂಶಾ

*

ಸಾಲ್ಟರ್ಸ್ ಕ್ರಾಸಿಂಗ್
೨೧ ಏಪ್ರಿಲ್ ೧೮೦೦

ಪ್ರೀತಿಯ ಮಗಳಿಗೆ ಮತ್ತು ಅಳಿಯ ರೂಫಸ್‌ಗೆ,

ಬಿಡುಗಡೆಯ ಸುದ್ದಿ ಬಂತು. ಊರವರು ಕೂಡಿ ದಂಡ ಕಟ್ಟಿದರೆಂದು, ಮೆರವಣಿಗೆಯಲ್ಲಿ ಮನೆಗೆ ಕರೆತಂದರೆಂದು ಕೇಳಿ ಈ ಚಳಿಗಾಲದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಪತ್ರಿಕೆ ಮತ್ತೆ ಶುರುವಾಗುತ್ತದೆ ಎಂದು ತಿಳಿಯಿತು. ಅದಕ್ಕಾಗಿ ಇದರೊಂದಿಗೆ ಒಂದು ಪತ್ರವಿದೆ. ಆ ಬಿಡಾರದಲ್ಲಿ ಈ ಚಳಿಗಾಲ ಹನ್ನೊಂದು ಹುಡುಗರು ಹೊಟ್ಟೆನೋವಿನಿಂದ ಸತ್ತರು. ಹೂಳುವಾಗ ನಾನಿದ್ದೆ, ಹೆಸರುಗಳನ್ನು ಬರೆದಿದ್ದೇನೆ. ಅಧ್ಯಕ್ಷರ ಬಗ್ಗೆ ಒಂದು ಮಾತೂ ಇಲ್ಲ, ಸತ್ತವರ ಬಗ್ಗೆ ಮಾತ್ರ. ಬಲಗೈಯಲ್ಲಿ ಬರೆದಿದ್ದೇನೆ, ಕೆಳಗೆ ನನ್ನ ಪೂರ್ತಿ ಹೆಸರಿದೆ. ಹೆದರಿಕೆ ಹೋಗಿದೆ ರೂಫಸ್. ನಿನ್ನನ್ನು ನೋಡಿ ಹೋಯಿತು. ನಿನ್ನ ಬಗ್ಗೆ ಹಿಂದೆ ನಾನು ಆಡಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇದನ್ನು ಅಚ್ಚು ಹಾಕು, ಯಾರು ಕೇಳಿದರೂ ನನ್ನ ಕಡೆ ಕೈ ತೋರಿಸು.

ನಿಮ್ಮ ಅಪ್ಪ,
ಜೋಥಮ್ ವೇಕ್‌ಮನ್

*

ಎಲ್ಮ್‌ಫೋರ್ಡ್
೧೧ ಮೇ ೧೮೦೦

ಪ್ರೀತಿಯ ಅಪ್ಪನಿಗೆ,

ನೀವು ಕೇಳಿದ ಮೆರವಣಿಗೆ ನಿಜ. ಡೋಲು ಬಾರಿಸಿದರು, ಮಕ್ಕಳು ಟೋಪಿ ಹಾರಿಸಿದರು. ರೂಫಸ್ ಗಾಡಿಯಲ್ಲಿ ಕೂತು ಎಲ್ಲರಿಗೂ ತಲೆ ಬಾಗಿಸಿದ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವನು ಕೇಳಿದ ಮೊದಲ ಮಾತು, ಆ ಗುಂಪಿನಲ್ಲಿ ಟೋಪಿ ಹಾರಿಸದವರು ಯಾರ್ಯಾರಿದ್ದರು ಎಂದು.

ಎರಡು ಸಂಚಿಕೆ ಹೊರಬಂದಿವೆ. ಸುಣ್ಣದ ಬೆಲೆ, ಹಸುವಿನ ಕೆಚ್ಚಲು ಬಾವಿಗೆ ಔಷಧ, ಒಂದು ಸ್ತೋತ್ರ. ಹಳೇ ಸೇತುವೆಯ ಹಲಗೆ ಮುರಿದು ಕುದುರೆ ಬಿದ್ದ ಸುದ್ದಿಯನ್ನು ನಾನು ಜೋಡಿಸಿದ್ದೆ. ಕರಡಚ್ಚಿನಲ್ಲಿ ಅವನು ಅದನ್ನು ಹೊಡೆದುಹಾಕಿದ. ಸೇತುವೆ ಮಾಡಿಸಿದವರಿಗೆ ಬೇಸರವಾಗಬಹುದಂತೆ. ಆಮೇಲೆ ನನ್ನ ಕೈಯಲ್ಲಿದ್ದ ಮೊಳೆ ಜೋಡಿಸುವ ಪಟ್ಟಿಯನ್ನು ಮೆಲ್ಲಗೆ ತೆಗೆದುಕೊಂಡ. ‘ನೀನು ಬೇಡ ಜೆರೂಶಾ, ನಾನೇ ಮಾಡ್ತೀನಿ’ ಎಂದ. ಉಳಿದ ಎಂಟು ಬೆರಳಲ್ಲಿ ಮಾಡುತ್ತಾನೆ, ನಾನು ಒಂದು ಗಂಟೆಯಲ್ಲಿ ಮಾಡುವುದಕ್ಕೆ ಅವನಿಗೆ ಇಡೀ ದಿನ ಬೇಕು. ನನ್ನ ಮೇಲೆ ಕೋಪವಿದೆಯೇ ಎಂದು ಕೇಳಿದೆ. ಇಲ್ಲ ಎಂದ. ನಿಜವಾಗಿಯೂ ಇಲ್ಲ ಅಪ್ಪ, ಅದೇ ನನಗೆ ತಡೆಯಲಾಗದು. ಕೋಪವಿದ್ದಿದ್ದರೆ ಜಗಳವಾಡಿ ಅವನನ್ನು ವಾಪಸು ತರಬಹುದಿತ್ತು.

ನಿಮ್ಮ ಪತ್ರವನ್ನು ಊಟದ ಮೇಜಿನ ಮೇಲೆ ಓದಿದ. ಎರಡು ಸಲ ಓದಿದ. ಕಣ್ಣು ಒದ್ದೆಯಾಯಿತು, ‘ಮಾವ ಚೆನ್ನಾಗಿ ಬರೀತಾರೆ’ ಎಂದ. ಹನ್ನೊಂದು ಹೆಸರುಗಳನ್ನು ಬಾಯಿಬಿಟ್ಟು ಓದಿದ, ಮೆಲ್ಲಗೆ, ನನಗೆ ಕೇಳಿಸಿಯೂ ಕೇಳಿಸದ ಹಾಗೆ. ಆಮೇಲೆ ಅದನ್ನು ಇದ್ದ ಮಡಿಕೆಯಲ್ಲೇ ಮಡಿಸಿ ನನ್ನ ಮುಂದೆ ಇಟ್ಟ.

‘ಕೆಳಗಡೆ ಹೆಸರಿದೆ. ಹೆಸರಿರೋ ಕಾಗದ ಮನೇಲಿಟ್ಕೋಬೇಡ’ ಎಂದ.

ಒಲೆಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಇದರೊಂದಿಗೆ ಹಿಂದಕ್ಕೆ ಕಳಿಸುತ್ತಿದ್ದೇನೆ.

ನಿಮ್ಮ ಮಗಳು,
ಜೆರೂಶಾ